ಹನ್ನೆರಡು ಅವ್ವಂದಿರ ನಿಶಾನಿ

ಬನಹಟ್ಟಿ

ನಾ ಅಮೇರಿಕಾಕ್ಕ ಹೋಗಿ ಬಂದು ಎರಡು ತಿಂಗಳಾತು. ಅಂದಿನಿಂದ ಕಟ್ಟಿ ಮ್ಯಾಲ ಕುಂತ ಮಂದಿ ಮೂರು ಮಾತು ಬಿಟ್ಟು ನಾಕನೇದು ಕೇಳಿಲ್ಲ. ಅಲ್ಲಿ ರೊಟ್ಟಿ ಸಿಗತಿತ್ತೇನ? ಮುಗಿಲು ಮುಟ್ಟೂವಂಥ ಮನಿ ಖರೇನ ಅದಾವೇನ? ಬಿಳಿ ಮೇಡಮ್ಮಗಳು ಮೊಣಕಾಲತನಕ ಬರೇ ಕಾಲಾಗ ತಿರಗತಾರಂತ, ಹೌದೇನ? ರೊಟ್ಟಿ ಸಿಗಲಿಲ್ಲ. ಮನಿ ಖರೇನ ಅದಾವ, ನೋಡಿ ನೋಡಿ ಕುತ್ತಿಗಿ ಹಿಡೀತು. ಮೂರನೇದಕ್ಕ ಉತ್ತರಾ ಕೊಡೂದಿಲ್ಲ, ಅದನ್ನ ಕೇಳಿದವರು ನಮ್ಮ ಮಾವನವರು. ಈಗ ಮೂರೂ ಮುಗದುವು. ಇನ್ನ ನಾ ಹೇಳೂದನ್ನ ಸುಮ್ಕ ಕುಂತು ಕೇಳ್ರಿ.

ನನ್ನ ಹೆಸರು ಗುರವ್ವ. ಮಗ್ಗದ ಮನ್ಯಾಗ ಹುಟ್ಟಿ ಮಗ್ಗದ ಮನಿಗೇ ಬಂದ ಸೊಸಿ. ಜಮಖಂಡಿ ಸಂಸ್ಥಾನ ಇದ್ದಾಗ ಸಾಲಿ ಕಲಿತೆ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮ್ಯಾಲ ರಬಕವಿಯೊಳಗ ಹೆಣ್ಣುಮಕ್ಕಳಿಗೆ ನೇಯ್ಗಿ ಕಲಿಸೂ ನೌಕರಿ ಸಿಕ್ತು. ಹಿಂಗಾಗಿ ಊರಮಂದಿಗೆಲ್ಲಾ ನಾ ಅಕ್ಕಾರು. ಇಂಗ್ಲೀಷು ನಮ್ಮ ಯಜಮಾನರು ಕಲಿಸಿದ್ದು. ಅವರು ಮ್ಯಾಟ್ರಿಕ್ ಪರೀಕ್ಷಾಕ್ಕ ಎರಡು ಸಲ ಕುಂತವರು, ಹಿಂಗಾಗಿ ನನಗೂ ಎರಡೆರಡು ಸಲ ಪಾಠ ಆತು.

ಮುಂಬಯಿಯಿಂದ ಕೈಮಗ್ಗದ ಪ್ರದರ್ಶನ ಒಂದು ಅಮೇರಿಕಾಕ್ಕ ಹೊಂಟಿತ್ತು. ಮಂದಿ ಮುಂದ ಕುಂತು ಸೀರಿ ನೇಯ್ದು ತೋರಿಸಾಕ ಇಂಗ್ಲೀಷು ಬರೂ ಹೆಣ್ಣುಮಗಳು ಬೇಕಾಗಿದ್ಲು. ಹುಡುಕಿ ಹುಡುಕಿ ಕಡೀಕ ನನ್ನ ಮನಿ ಬಾಗಿಲಿಗೆ ಬಂದ್ರು. ಅತ್ತಿಯವರು ಅತ್ರು, ಮಾವನವರು ಬೈದ್ರು, ಯಜಮಾನರು ಟ್ರಂಕಿಗೆ ಹೊಸಾ ಕೀಲಿ ತಂದ್ರು. ಹೊಂಟೆ.

ಹಡಗದಿಂದ ಇಳಿಯೂ ಕಟ್ಟಿ

ಹಡಗದಾಗ ಇಪ್ಪತ್ತು ದಿವಸ ಏನ್ ಮಾಡಿದೆ ಅಂದ್ರ, ವಾಂತಿ ಮಾಡಿದೆ. ಅದರ ಬಗ್ಗೆ ಹೆಚ್ಚು ಬರಿಯೂದಿಲ್ಲ.

ಇಳಿದ ಮ್ಯಾಲ ಕಸ್ಟಮ್ಸಿನ ಸಾಹೇಬ ನನ್ನ ಟ್ರಂಕು ತೆಗಿಸಿದ. ಒಳಗ ಎರಡು ಸೀರಿ ನಡುವ ಅತ್ತಿಯವರು ಕಟ್ಟಿಕೊಟ್ಟ ಕಟಕ ರೊಟ್ಟಿ, ಒಂದು ಹೊರಿ. ಸಾಹೇಬ ಒಂದು ರೊಟ್ಟಿ ತಗದು ಮೇಜಿಗೆ ಬಡದ. ಟಣ್ ಅಂತು. ಇನ್ನೊಬ್ಬ ಸಾಹೇಬನ್ನ ಕರದ. ಅವನೂ ಬಡದ. ಇದು ಯಾತರ ಹಲಗಿ, ಗೋಡಿಗೆ ಹಚ್ಚೂದೇನು ಅಂತ ಕೇಳಿದ್ರು. ನಾ ಒಂದು ಚೂರು ಮುರದು ಬಾಯಾಗ ಹಾಕ್ಕೊಂಡು ಅವರ ಮುಂದ ಕಟಂ ಕಟಂ ತಿಂದೆ. ಶೇಂಗಾ ಚಟ್ನಿ ಹಚ್ಚಿ ಒಂದು ತುಂಡು ಅವನಿಗೂ ಕೊಟ್ಟೆ. ತಿಂದವನ ಕಣ್ಣಾಗ ನೀರು ಬಂತು, ಕೈ ಮಾಡಿ ಹೋಗ್ರಿ ಹೋಗ್ರಿ ಅಂದ. ನಮ್ಮ ಅತ್ತಿಯವರ ಚಟ್ನಿ ಅಲ್ಲೂ ಗೆದ್ದಿತು.

ದೊಡ್ಡ ಶಹರದ ಪ್ರದರ್ಶನ

ಪ್ರದರ್ಶನದಾಗ ನನ್ನ ಮಗ್ಗದ ಮುಂದ ಮಂದಿಯೋ ಮಂದಿ. ಬರೋರು, ನೋಡೋರು, ಬ್ಯೂಟಿಫುಲ್ ಅನ್ನೋರು, ಹೋಗೋರು. ಒಬ್ಬಾಕಿ ಮಾತ್ರ ದಿನಾ ಬರತಿದ್ಲು. ನಲವತ್ತರ ವಯಸ್ಸು, ದವಾಖಾನಿ ನರ್ಸಿನ ಬಿಳಿ ಅರಬಿ, ಕರಿ ಮೈಬಣ್ಣ, ಹಲ್ಲಿನ ನಡುವ ಒಂದು ಸಂದಿ. ಏನೂ ಅನ್ನತಿದ್ದಿಲ್ಲ. ನನ್ನ ಬೆರಳು ನೋಡತಿದ್ಲು. ಹೆಸರು ಕೋರಾ ಅಂತ. ನಾ ಕೋರಾಬಾಯಿ ಅಂದೆ, ಆಕಿಗೆ ಖುಷಿ ಆತು.

ಒಂದು ದಿವಸ ನನ್ನ ಹಾಸು, ಅಂದ್ರ ಮಗ್ಗದ ಉದ್ದನ್ನ ಎಳಿ, ಮುಗೀತು. ಹೊಸಾ ಹಾಸು ಏರಿಸಬೇಕಾಗಿತ್ತು. ನಾವು ನೇಕಾರರು ಹಳೇ ಹಾಸನ್ನ ಪೂರಾ ಕತ್ತರಿಸಿ ಒಗಿಯೂದಿಲ್ಲ. ಅದರ ತುದಿ ಮಗ್ಗದಾಗ ಹಂಗ ಇರತಾವ. ಹೊಸಾ ಹಾಸಿನ ಒಂದೊಂದು ಎಳಿ ತಂದು, ಹಳೇದರ ಒಂದೊಂದು ಎಳಿಗೆ ಕೂಡಿಸಿ, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೀತೀವಿ. ಇದಕ್ಕ ಕೆಚ್ಚೂದು ಅಂತೀವಿ. ಬನಹಟ್ಟಿಯೊಳಗ ಇದು ಹೆಣ್ಣುಮಕ್ಕಳ ಕೆಲಸ. ಗಂಡಸರ ಬೆರಳಿಗೆ ಅಷ್ಟು ತಾಳ್ಮಿ ಎಲ್ಲಿಂದ ಬರಬೇಕು?

ಕೋರಾಬಾಯಿ ಅದನ್ನ ನೋಡಿ ನನ್ನ ಮುಂಗೈ ಹಿಡಕೊಂಡ್ಲು. ಆಕಿ ಇಂಗ್ಲೀಷಿನ್ಯಾಗ ಅಂದದ್ದು ನನ್ನ ಕಿವಿಗೆ ನಮ್ಮ ಮಾತಿನಂಗ ಕೇಳತಿತ್ತು, ಹಂಗ ಬರೀತೀನಿ.

"ಅಕ್ಕಾ, ಹರದ ಅರಬಿನ್ನೂ ಹಿಂಗ ಕೂಡಿಸಾಕ ಬರತೈತೇನು?"

"ಯಾಕ ಬರೂದಿಲ್ಲ? ನಮ್ಮೂರಾಗ ಇದು ಪರಕಾರ ಉಡೂ ಸಣ್ಣ ಹುಡುಗಿಯರ ಕೆಲಸ," ಅಂದೆ. ಆ ಸೊಕ್ಕಿನ ಮಾತು ಮುಂದ ನನ್ನ ಎಲ್ಲಿಗೆ ತಂತು ಅನ್ನೂದನ್ನ ಹೇಳತೀನಿ.

ಆಮ್ಯಾಲ ಆಕಿ ತನ್ನ ಊರ ಕಥಿ ಹೇಳಿದ್ಲು. ದಕ್ಷಿಣದ ಕಡೆ ಒಂದು ಸಣ್ಣ ಊರು. ಹೆಸರು ಬರೀಬ್ಯಾಡ ಅಂದಾಳ, ಅವರು ಅಲ್ಲೇ ಬಾಳಬೇಕು. ಆಕಿ ಮುತ್ತಜ್ಜಿಯರನ್ನ ಆ ಊರಾಗ ದನ ಮಾರಿದಂಗ ಮಾರತಿದ್ರು. ಗುಲಾಮಗಿರಿ ಹೋದ ಮ್ಯಾಲ ಹನ್ನೆರಡು ಹೆಣ್ಣುಮಕ್ಕಳು ಕೂಡಿದ್ರು. ಅರಬಿ ಒಗಿಯೋರು, ಅಡಗಿ ಮಾಡೋರು, ಸೂಲಗಿತ್ತಿಯರು. ಒಂದು ಜಾಗಾ ಕೊಂಡು ಮನಿ ಕಟ್ಟಿ 'ಆಸರದ ಅಕ್ಕತಂಗಿಯರ ಸಂಘ' ಅಂತ ಹೆಸರಿಟ್ರು. ಅವರ ನೇಮ ಇಷ್ಟ: ಒಬ್ಬಾಕಿ ಜಡ್ಡಿಗೆ ಬಿದ್ರ ಉಳಿದವರು ಪಾಳಿ ಮ್ಯಾಲ ಕುಂಡ್ರಬೇಕು. ಸತ್ರ ಮೈ ತೊಳದು, ಬಿಳಿ ಅರಬಿ ಉಡಿಸಿ, ನಿಶಾನಿ, ಅಂದ್ರ ಸಂಘದ ಬಾವುಟ, ಮುಂದ ಹಿಡಕೊಂಡು ಮಣ್ಣಿಗೆ ಒಯ್ಯಬೇಕು. ಕೂಸುಗಳು ಉಳಿದ್ರ ಹಂಚಿಕೊಂಡು ಸಾಕಬೇಕು. ಕರಿ ಹೆಣ್ಣುಮಕ್ಕಳು ಯಾರೂ ಆ ಊರಾಗ ಒಬ್ಬಂಟಿ ಸಾಯಬಾರದು.

ಈಗ ಆ ಮನಿ ಕೆಡವಾಕ ಮುನಸಿಪಾಲ್ಟಿ ಹೊಂಟಿತ್ತು. ರಸ್ತಾ ಅಗಲ ಮಾಡತಾರಂತ. ಮುನಸಿಪಾಲ್ಟಿ ದಪ್ತರದಾಗ ಜಾಗಾ ಹನ್ನೆರಡು ಹೆಣ್ಣುಮಕ್ಕಳ ಹೆಸರಿಗೆ ಐತಿ, ಸಂಘದ ಹೆಸರಿಲ್ಲ. ಆ ಹನ್ನೆರಡು ಮಂದಿನ ನಿಮ್ಮ ಸಂಘ ಅನ್ನೂದಕ್ಕ ಪುರಾವಿ ತರ್ರಿ, ಇಲ್ಲಾಂದ್ರ ಜಾಗಾ ಬೇವಾರಸಿ ಅಂದಿದ್ರು. ಸಂಘದ ಹಳೇ ಪುಸ್ತಕ ಎಲ್ಲಾ ಒಂದು ಬೆಂಕಿಯೊಳಗ ಸುಟ್ಟಿದ್ದುವು. ಉಳಿದದ್ದು ನಿಶಾನಿ ಒಂದ. ಅದರ ಮ್ಯಾಲ ಸಂಘದ ಹೆಸರು, ಕೆಳಗ ಹನ್ನೆರಡೂ ಹೆಸರು ಕಸೂತಿ ಮಾಡಿದ್ದು. ಆದ್ರ ಅದು ಪೆಟ್ಟಿಗಿಯೊಳಗ ಮಡಚಿ ಇಟ್ಟ ಗೆರಿಗುಂಟ ಎರಡು ತುಂಡಾಗಿತ್ತು. ಬರೂ ಶುಕ್ರವಾರ ವಿಚಾರಣಿ.

ಪ್ರದರ್ಶನ ಆ ವಾರ ಮುಗೀತಿತ್ತು, ನನ್ನ ಹಡಗಕ್ಕ ಇನ್ನ ಮೂರು ವಾರ ಇತ್ತು. ಟ್ರಂಕಿಗೆ ಕೀಲಿ ಹಾಕಿದೆ.

ದಕ್ಷಿಣದ ಬಸ್ಸು

ಅರ್ಧ ದಾರಿಗೆ ಬಸ್ಸು ಬದಲಿ ಮಾಡಿದ್ವಿ. ಅಲ್ಲಿಂದ ದಕ್ಷಿಣಕ್ಕ ಬಿಳಿಯರು ಮುಂದ, ಕರಿಯರು ಹಿಂದ ಕುಂಡ್ರಬೇಕು ಅಂತ ಕಾಯಿದೆ. ಹೊಸಾ ಬಸ್ಸಿನ ಡ್ರೈವರ್ ಕೋರಾಬಾಯಿಗೆ ಹಿಂದಕ ಹೋಗು ಅಂದ, ನನಗ ಮುಂದಿನ ಕುರ್ಚಿ ತೋರಿಸಿದ. ಎಲಾ ಇವನ! ನಾ ಏನ್ ಬೆಳ್ಳಗದೀನೇನು? ಕೋರಾಬಾಯಿಕಿಂತ ಒಂದು ಕೈ ಮ್ಯಾಲ ಕರ್ರಗದೀನಿ. ಸೀರಿ, ಮೂಗುತಿ, ಹಣಿ ಮ್ಯಾಲಿನ ವಿಭೂತಿ ನೋಡಿ ಇಕಿ ಯಾವದೋ ದೇಶದ ರಾಣಿ ಅಂತ ತಿಳಕೊಂಡನೋ ಏನೋ. ನಾ ಗಂಟು ಎತ್ತಿಕೊಂಡು ಹಿಂದಕ ನಡದೆ. ಅಂವ ಕೂಗಿದ. "ಗಾಡಿ ನಿಂದು, ಕುಂಡ್ರೂದು ನಂದು, ನೀ ಮುಂದ ನೋಡಿ ಹೊಡಿ," ಅಂತ ಕನ್ನಡದಾಗ ಅಂದೆ. ಹಿಂದಿನ ಸಾಲಿನ ಮಂದಿಗೆ ಮಾತು ತಿಳೀಲಿಲ್ಲ, ದನಿ ತಿಳೀತು. ಒಬ್ಬ ಮುದಕ ಬಾಯಿಗೆ ಟೊಪ್ಪಿಗಿ ಅಡ್ಡ ಹಿಡದು ನಕ್ಕ.

ಕುಂತ ಮ್ಯಾಲ ಮಾತ್ರ ಸಮಾಧಾನ ಆಗಲಿಲ್ಲ. ನಮ್ಮೂರಾಗ ಭಾವಿಗೆ ಯಾರು ಇಳೀಬೇಕು, ಯಾರು ದೂರ ನಿಂತು ಕೊಡದಾಗ ನೀರು ಹಾಕಿಸಿಕೋಬೇಕು ಅನ್ನೂದು ನನಗ ಗೊತ್ತಿಲ್ಲೇನು? ನಾನ ಎಷ್ಟೋ ಸಲ ಮ್ಯಾಲಿಂದ ಸುರುವೀನಿ. ಪುಣ್ಯಾ ಬಂತು ಅಂತ ತಿಳಕೊಂಡಿದ್ದೆ. ಇದನ್ನ ಕೋರಾಬಾಯಿಗೆ ಹೇಳಿದೆ, ಹೇಳದ ಇರಾಕ ಆಗಲಿಲ್ಲ. ಆಕಿ ನನ್ನ ಕಡೆ ಹೊಳ್ಳಿದ್ಲು.

"ಹಂಗಾದ್ರ ಊರಿಗೆ ಹೋದ ಮ್ಯಾಲ ಏನ್ ಮಾಡ್ತಿ?" ಅಂತ ಕೇಳಿದ್ಲು.

ಬಂದ ಮ್ಯಾಲ ಊರ ಹೊರಗಿನ ಕೇರಿಯ ಮೂರು ಹುಡುಗಿಯರನ್ನ ನೇಯ್ಗಿ ವರ್ಗಕ್ಕ ಸೇರಿಸಿಕೊಂಡೀನಿ. ಮಂದಿ ಬೈಯಾಕತ್ತಾರ. ಬೈಲಿ.

ಸೋಮವಾರ, ಮುತ್ತವ್ವನ ಮನಿ

ಕೋರಾಬಾಯಿ ತಾಯಿ ಹೆಸರು ಪರ್ಲ್. ವಯಸ್ಸಾದ ಹೆಣ್ಣುಮಕ್ಕಳಿಗೆ ಅಲ್ಲಿ ಮದರ್ ಅಂತಾರ, ಓರಿಗಿಯವರಿಗೆ ಸಿಸ್ಟರ್ ಅಂತಾರ. ನಮ್ಮ ಅವ್ವಾ, ಅಕ್ಕಾ ಇದ್ದಂಗ. ಪರ್ಲ್ ಅಂದ್ರ ಮುತ್ತು, ನಾ ಮುತ್ತವ್ವ ಅಂದೆ. ಎಂಬತ್ತರ ಮುದುಕಿ, ಎರಡೂ ಕಣ್ಣು ಹೋಗ್ಯಾವ, ಬೆನ್ನು ಮಾತ್ರ ಮಗ್ಗದ ಕಂಬದಂಗ ನೆಟ್ಟಗ. ಸಂಘದ ಅಧ್ಯಕ್ಷಿಣಿ ಆಕಿನ. ನನ್ನ ಸೆರಗು ಹಿಡದು ಬೆರಳಿನಿಂದ ತೀಡಿದ್ಲು.

"ಕೈಲೆ ನೇಯ್ದದ್ದು," ಅಂದ್ಲು. "ಒಳಗ ಬಾ ಮಗಳ, ಉಂಡಿಯೋ ಇಲ್ಲೋ?"

ಅಯ್ಯ ಶಿವನ, ಏಳು ಸಮುದ್ರ ದಾಟಿದ ಮ್ಯಾಲ ಮೊದಲನೇ ಸಲ ಒಬ್ಬರು ನನಗ ಉಂಡಿಯೇನು ಅಂತ ಕೇಳಿದ್ರು! ಅಲ್ಲೇ ನಿಂತು ಅತ್ತೆ. ಗೋವಿನಜೋಳದ ರೊಟ್ಟಿ ಕೊಟ್ರು, ದಪ್ಪಂದು, ಒಲಿಯೊಳಗ ಬೇಯಿಸಿದ್ದು. ಸೊಪ್ಪಿನ ಪಲ್ಯ ಛಲೋ ಇತ್ತು, ಆದ್ರ ಅದರಾಗ ಮಾಂಸದ ತುಂಡು ಹಾಕಿದ್ರು. ನಾವು ತಿನ್ನೂದಿಲ್ಲ ಅಂದಾಗ ಮನಿ ತುಂಬ ಗದ್ದಲ. ಸೊಪ್ಪಿಗೆ ಮಾಂಸ ಹಾಕದ ಹೆಂಗ ಬೇಯಿಸೂದು ಅನ್ನೂದು ಯಾರಿಗೂ ತಿಳೀಲಿಲ್ಲ. ಮರುದಿನ ನಾನ ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿ ಬೇಯಿಸಿಕೊಟ್ಟೆ. ಮುತ್ತವ್ವ ಎರಡು ಸಲ ಹಾಕಿಸಿಕೊಂಡು ಉಂಡು, ಮಾಂಸ ಇದ್ರ ಇನ್ನೂ ಛಲೋ ಆಗತಿತ್ತು ಅಂದ್ಲು.

ಮಂಗಳವಾರ, ಸಂಘದ ಮನಿ

ಸಂಘದ ಮನಿ ಅಂದ್ರ ಕಟಿಗಿದು. ಒಂದ ದೊಡ್ಡ ಕೋಣಿ, ಗೋಡಿ ತುಂಬ ಬಿಳಿ ಅರಬಿ ಉಟ್ಟ ಮುದುಕಿಯರ ಫೋಟೋ. ಒಂದು ಮೂಲ್ಯಾಗ ಜಡ್ಡಿನವರನ್ನ ಹೊತ್ತುಕೊಂಡು ಹೋಗೂ ಕುರ್ಚಿ, ಇನ್ನೊಂದರಾಗ ಸತ್ತವರಿಗೆ ಉಡಿಸೂ ಅರಬಿಯ ಕಪಾಟು. ನಮ್ಮಲ್ಲಿ ಯಾರರೆ ಸತ್ರ ಆ ಮನ್ಯಾಗ ಒಲಿ ಹೊತ್ತೂದಿಲ್ಲ, ಓಣಿಯವರು ಬುತ್ತಿ ಒಯ್ತೀವಿ. ಅದನ್ನ ಹೇಳಿದೆ. ಮುತ್ತವ್ವ ನಮ್ಮಲ್ಲೂ ಹಂಗ ಅಂದ್ಲು. ಆದ್ರ ನಮ್ಮ ಬುತ್ತಿ ಬೀಗರ ಮನಿಗೆ, ಓಣಿಯವರ ಮನಿಗೆ ಅಷ್ಟ. ಇವರದು ಹೆಸರು ಗೊತ್ತಿಲ್ಲದಾಕಿ ಮನಿಗೂ ಹೋಗತೈತಿ.

ಮೇಜಿನ ಮ್ಯಾಲ ನಿಶಾನಿ ಹಾಸಿದ್ರು. ದಪ್ಪ ನೂಲಿನ ನೀಲಿ ಅರಬಿ, ನನ್ನ ಎರಡು ಮೊಳ ಅಗಲ. ಹನ್ನೆರಡೂ ಹೆಸರು ಒಂದ ಸಾಲು, ಆ ಸಾಲಿನ ನಟ್ಟನಡುವ ಅಡ್ಡ ಹರದಿತ್ತು. ಅಕ್ಷರದ ತಲಿ ಮ್ಯಾಲಿನ ತುಂಡಿನ್ಯಾಗ, ಕಾಲು ಕೆಳಗಿನ ತುಂಡಿನ್ಯಾಗ. ನಡುವ ಬರೇ ಎಳಿ ಜೋತಾಡತಿದ್ದುವು. ಸಿಸ್ಟರ್ ಈಡಾ ಅನ್ನಾಕಿ, ಅರಬಿ ಹೊಲಿಯಾಕಿ, ಕತ್ತರಿ ಹಿಡಕೊಂಡು ನಿಂತಿದ್ಲು. ಜೋತಾಡೂ ಎಳಿ ಕತ್ತರಿಸಿ, ಅಂಚು ಮಡಚಿ, ಹೊಸಾ ಅರಬಿಗೆ ಹೊಲದು ಬಿಡಬೇಕಂತ.

"ಯವ್ವಾ, ನಿಂದ್ರು!" ಅಂತ ಚೀರಿದೆ. ಕನ್ನಡದಾಗ ಚೀರಿದ್ರೂ ಕತ್ತರಿ ನಿಂತಿತು.

ಎಳಿ ಇದ್ರ ಜೀವಾ ಇದ್ದಂಗ. ಕತ್ತರಿಸಿ ಮಡಚಿದ್ರ ಅಕ್ಷರದ ಸೊಂಟಾನ ಹೋಗತೈತಿ, ಆ ಮ್ಯಾಲ ಯಾವ ಸಾಹೇಬ ಓದತಾನ? ಮ್ಯಾಲಿನ ತುಂಡಿನ ಎಳಿಗೆ ಹೊಸಾ ದಾರ ಕೆಚ್ಚೂದು, ಆ ದಾರದ ಇನ್ನೊಂದು ತುದಿ ಕೆಳಗಿನ ತುಂಡಿನ ಎಳಿಗೆ ಕೆಚ್ಚೂದು, ಆಮ್ಯಾಲ ಸೂಜಿಲೆ ಅಡ್ಡ ಎಳಿ ಹಾಕೂದು. ಹಿಂಗ ಅಂತ ತೋರಿಸಿದೆ. ಈಡಾಬಾಯಿ ಮಾರಿ ಗಂಟು ಹಾಕ್ಕೊಂಡಿದ್ದಾಕಿ ನಾಕು ಎಳಿ ನೋಡಿ ಕತ್ತರಿ ಕಿಸೆಯಾಗ ಇಟ್ಲು.

ಬೂದಿ ಬೇಕು ಅಂದೆ. ಎಲ್ಲಾರ ಮನ್ಯಾಗೂ ಗ್ಯಾಸಿನ ಒಲಿ. ಮುತ್ತವ್ವನ ಮನ್ಯಾಗ ಮಾತ್ರ ಕಟಿಗಿ ಒಲಿ ಇತ್ತು. ಒಬ್ಬಾಕಿ ಓಡಿಹೋಗಿ ಒಂದು ಬೋಗುಣಿ ತುಂಬ ತಂದು, ನನ್ನ ಹಣಿ ನೋಡಿ, ಬಗ್ಗಿ ಕೈ ಮುಗದು ಕೊಟ್ಲು. ಪೂಜಿ ಮಾಡತೀನಿ ಅಂತ ಎಲ್ಲಾರೂ ತಲಿ ಬಗ್ಗಿಸಿ ನಿಂತ್ರು. ನಾ ಅದರಾಗ ಬೆರಳು ಅದ್ದಿ ದಾರ ಹೊಸ್ಯಾಕ ಹತ್ತಿದೆ. ನಕ್ಕದ್ದೂ ನಕ್ಕದ್ದ. ನಗತಾ ನಗತಾ ಒಬ್ಬಾಕಿ ತನ್ನ ಹಣಿಗೂ ಒಂದೀಟು ಹಚ್ಚಿಕೊಂಡ್ಲು.

ದಾರ ಬಿಳಿದಿತ್ತು. ನೀಲಿ ಬಣ್ಣಾ ಹಾಕೂಣೇನು ಅಂತ ಕೋರಾಬಾಯಿ ಕೇಳಿದ್ಲು. ಬಣ್ಣಾ ಹಾಕಿದ್ರ ಒಣಗಾಕ ಒಂದು ದಿವಸ ಬೇಕು, ಬ್ಯಾಡ ಅಂದೆ. ಗಂಟು ಮಾರಿ ಕಡೆ ಬರಬಾರದು ಅಂತ ನಿಶಾನಿನ್ನ ಬೋರಲ ಹಾಕಿ, ಮೇಜಿಗೆ ಮೊಳಿ ಬಡದು ಬಿಗಿ ಮಾಡಿದ್ವಿ. ಮ್ಯಾಲಿನ ತುಂಡು ನನಗ, ಕೆಳಗಿನ ತುಂಡು, ಕೆಲಸದ ನಡುವ ಬಿಡುವು ಸಿಕ್ಕಂಗ ಬಂದವರಿಗೆ. ಅಂಚಿನಿಂದ ಸುರು ಮಾಡಿ ಬುಧವಾರ ಸಂಜಿ ಅನ್ನೂದರಾಗ ಇನ್ನೊಂದು ಅಂಚು ಮುಟ್ಟಿದ್ವಿ. ನನಗ ಎಷ್ಟು ಜಂಬ ಬಂದಿತ್ತು ಅಂದ್ರ, ರಾತ್ರಿ ಯಜಮಾನರಿಗೆ ಪತ್ರ ಬರದು ಅಮೇರಿಕಾಕ್ಕ ಕೆಚ್ಚೂದು ಕಲಿಸಿದೆ ಅಂದೆ.

ಗುರುವಾರ, ಸಂಘದ ಮನಿ

ಬೆಳಿಗ್ಗೆ ಮೊಳಿ ಕಿತ್ತು ನಿಶಾನಿ ಹೊಳ್ಳಿಸಿದ್ವಿ. ನಾನು, ಕೋರಾಬಾಯಿ, ಮುತ್ತವ್ವ ಮೂರ ಮಂದಿ. ಉಳಿದವರು ಕೆಲಸಕ್ಕ ಹೋಗಿದ್ರು. ಮುತ್ತವ್ವ ತನ್ನ ಅಜ್ಜಿ ಹೆಸರು ಹುಡುಕತಾ ಬೆರಳು ಆಡಿಸಿದ್ಲು. ಆಕಿ ಅಜ್ಜಿ ಡೀನಾ, ಹನ್ನೆರಡರಾಗ ಮೂರನೇದಾಕಿ. ಬೆರಳು ಒಂದು ಕಡೆ ನಿಂತು ಬಿಟ್ಟಿತು.

"ಮಗಳ, ನಮ್ಮಜ್ಜಿ ಮುರದಾಳ," ಅಂದ್ಲು.

ನೋಡಿದೆ. ಒಂದು ಅಕ್ಷರದ ತಲಿ ಇನ್ನೊಂದು ಅಕ್ಷರದ ಕಾಲಿನ ಮ್ಯಾಲ ಕುಂತಿತ್ತು. ಡೀನಾ ಒಬ್ಬಾಕಿನ ಅಲ್ಲ, ಹನ್ನೆರಡೂ ಹೆಸರು ಎರಡು ಬಟ್ಟು, ಎರಡು ಬೆರಳಿನ ಅಗಲ, ಜರಗಿದ್ದುವು. ಒಂದನ್ನೂ ಓದಾಕ ಬರತಿದ್ದಿಲ್ಲ.

ತಪ್ಪು ಯಾರದು ಅಂತ ಹುಡುಕಾಕ ದೂರ ಹೋಗೂದು ಬೇಕಿದ್ದಿಲ್ಲ. ನಮ್ಮ ಮನಿ ಸೀರಿ ದಡಿಯೊಳಗ ಗಟ್ಟಿ ಬರಲಿ ಅಂತ ಎರಡೆರಡು ಎಳಿ ಕೂಡಿಸಿ ಒಂದು ಅಂತ ಹಿಡೀತೀವಿ. ಸಣ್ಣಾಕಿ ಇದ್ದಾಗಿಂದ ಮಾಡಿದ್ದು, ಕೈಗೆ ಕೇಳಬೇಕಾಗೇ ಇಲ್ಲ. ಈ ನಿಶಾನಿಗೂ ಅಂಚಿಗೆ ದಡಿ ಇತ್ತು. ನನ್ನ ಬೆರಳು ತಾವ ಎರಡೆಳಿಗೆ ಒಂದು ದಾರ ಕೊಟ್ಟಿದ್ದುವು. ಕೆಳಗಿನ ತುಂಡಿನವರು, ಪಾಪ, ಕಣ್ಣಿಗೆ ಕಂಡಂಗ ಒಂದೆಳಿಗೆ ಒಂದು ದಾರ ಕೊಟ್ಟಿದ್ರು. ದಡಿ ದಾಟೂದರಾಗ ಎರಡು ಬಟ್ಟು ಫರಕು ಬಿದ್ದಿತ್ತು. ಪರಕಾರ ಹುಡುಗಿಯರ ಕೆಲಸ ಅಂದಿದ್ದೆನಲ್ಲ? ಪರಕಾರ ಹುಡುಗಿ ಆಗಿದ್ರ ನನ್ನ ಕೈಯಿಂದ ಕಪಾಳಕ್ಕ ಒಂದು ಬೀಳತಿತ್ತು.

"ತಪ್ಪು ನಂದು ಅವ್ವಾ," ಅಂದೆ. "ಎಲ್ಲಾ ಬಿಚ್ಚಬೇಕು. ನಾಳೆ ಮಧ್ಯಾಹ್ನದೊಳಗ ಇಬ್ಬರಿಂದ ಆಗೂದಿಲ್ಲ. ನಾ ನಿಮ್ಮ ಮನಿ ಕಳದೆ."

ಮುತ್ತವ್ವ ಬೈತಾಳ ಅಂತ ಕಾದೆ. ಬೈದಿದ್ರ ಛಲೋ ಇತ್ತು. ಆಕಿ ನನ್ನ ಬೂದಿಗೈ ತನ್ನ ಎರಡೂ ಕೈಯಾಗ ಹಿಡದು, "ನೀ ಈಗ ಜಡ್ಡಿಗೆ ಬಿದ್ದಾಕಿ," ಅಂದ್ಲು. "ಜಡ್ಡಿನಾಕಿ ಮಗ್ಗಲ ಪಾಳಿ ಕುಂಡ್ರೂದು ನಮ್ಮ ನೇಮ. ಕೋರಾ, ಹೇಳಿ ಕಳಸು."

ಕೋರಾಬಾಯಿ ಓಡಿದ್ಲು. ಆ ಹೆಣ್ಣುಮಕ್ಕಳೆಲ್ಲಾ ಬಿಳಿಯರ ಮನ್ಯಾಗ ಅಡಗಿ ಮಾಡೋರು, ಅರಬಿ ಒಗಿಯೋರು, ಕೂಸು ಹಿಡಿಯೋರು. ನಡುಹಗಲ ಬಿಟ್ಟು ಬಂದ್ರ ನಾಳೆ ಬರಬ್ಯಾಡ ಅನ್ನಿಸಿಕೋಬೇಕು. ಅರ್ಧ ತಾಸಾತು, ಯಾರೂ ಇಲ್ಲ. ನಾ ಒಬ್ಬಾಕಿನ ಬಿಚ್ಚಾಕತ್ತಿದ್ದೆ, ಕಣ್ಣಾಗಿನ ನೀರಿಗೆ ಎಳಿ ಕಾಣತಿದ್ದಿಲ್ಲ.

ಮೊದಲು ಬಂದಾಕಿ ಈಡಾಬಾಯಿ, ಹೆಗಲ ಮ್ಯಾಲ ಅಳತಿ ಪಟ್ಟಿ ಹಂಗ ಇತ್ತು. ಹಿಂದಿಂದ ಇಬ್ಬರು, ಏಪ್ರನ್ನಿಗೆ ಹಿಟ್ಟು ಮೆತ್ತಿತ್ತು. ಒಬ್ಬಾಕಿ ಒಗಿಯೂ ಕೆಲಸದ ಒದ್ದಿ ಕೈ ಒರಸಿಕೋತ ಬಂದ್ಲು. ಒಬ್ಬಾಕಿ ತನ್ನ ಸಾವಕಾರತಿಗೆ ಅಕ್ಕ ಜಡ್ಡಾಗ್ಯಾಳ ಅಂತ ಹೇಳಿ ಬಂದೆ ಅಂದ್ಲು. ಹೌದಲ್ಲ, ಜಡ್ಡಾದಾಕಿ ನಾನ. ಹದಿನಾರು ಮಂದಿ ಆದ್ರು. ಯಾರೂ ನನಗ ಏನಾತು, ಯಾಕ ಹಿಂಗ ಮಾಡಿದಿ ಅಂತ ಕೇಳಲಿಲ್ಲ. ಬೂದಿ ಬೋಗುಣಿ ಒಂದು ಸುತ್ತು ಹಾಕಿತು, ಎಲ್ಲಾರೂ ಬೆರಳು ಅದ್ದಿದ್ರು.

ಹಳೇ ಕೆಚ್ಚಿದ್ದನ್ನೆಲ್ಲಾ ಬಿಚ್ಚಿ, ಈ ಸಲ ನಿಶಾನಿ ಮಾರಿ ಮ್ಯಾಲ ಮಾಡಿ ಹಾಸಿದ್ವಿ. ಅಕ್ಷರ ಕಣ್ಣ ಮುಂದ ಇರಲಿ, ಗಂಟು ಎಲ್ಲಿ ಬೇಕಾದ್ರೂ ಬರಲಿ. ಎಂಟು ಮಂದಿ ಆ ಕಡೆ, ಎಂಟು ಮಂದಿ ಈ ಕಡೆ. ನಾ ನಡುವ ತಿರಗತಾ "ಒಂದಕ್ಕ ಒಂದ, ಒಂದಕ್ಕ ಒಂದ" ಅನ್ನತಿದ್ದೆ. ಅದನ್ನ ಕನ್ನಡದಾಗ ಅಂತಿದ್ದೆ ಅನ್ನೂದು ನನಗ ಖಬರಿದ್ದಿಲ್ಲ. ಸ್ವಲ್ಪ ಹೊತ್ತಿಗೆ ಹದಿನಾರು ಮಂದಿನೂ ಅದನ್ನ ರಾಗ ಮಾಡಿ ಹಾಡಾಕತ್ತಿದ್ರು. ಒಂದಕ್ಕ ಒಂದ! ಬನಹಟ್ಟಿ ಓಣ್ಯಾಗಿನ ಮಾತು ಆ ಕಟಿಗಿ ಮನ್ಯಾಗ ಭಜನಿಯಂಗ ಎದ್ದಿತು.

ಹೊತ್ತು ಮುಳುಗೂದರಾಗ ಕೆಚ್ಚೂದು ಆತು. ಅಡ್ಡ ಎಳಿ ಶುಕ್ರವಾರ ಬೆಳಿಗ್ಗೆ ಈಡಾಬಾಯಿ ಒಬ್ಬಾಕಿನ ಸೂಜಿಲೆ ಹಾಕಿದ್ಲು. ಆಕಿ ಸೂಜಿ ನೋಡಬೇಕ ನೀವು, ಮೀನ ನೀರಾಗ ಹಾದಂಗ. ಮುತ್ತವ್ವ ಬೆರಳು ಆಡಿಸಿ ಅಜ್ಜಿನ್ನ ಹುಡುಕಿದ್ಲು. ಬಗ್ಗಿ ಆ ಜಾಗಾಕ್ಕ ಮುತ್ತು ಕೊಟ್ಲು.

ಶುಕ್ರವಾರ, ಮುನಸಿಪಾಲ್ಟಿ

ಎಲ್ಲಾರೂ ಬಿಳಿ ಅರಬಿ ಉಟ್ಟು, ಎದಿಗೆ ಅಡ್ಡ ಜಾಂಬಳಿ ಪಟ್ಟಿ ಹಾಕ್ಕೊಂಡು, ನಿಶಾನಿ ಮುಂದ ಹಿಡಕೊಂಡು ಊರ ನಡುವ ನಡದ್ವಿ. ಸಂಘದಾಕಿ ಸತ್ತಾಗ ಮಾತ್ರ ಆ ನಿಶಾನಿ ಹೊರಗ ಬರತಿತ್ತಂತ. ಯಾರು ಸತ್ರು ಅಂತ ಒಬ್ಬ ಅಂಗಡಿಯವ ಕೇಳಿದ. ಇನ್ನೂ ಯಾರೂ ಇಲ್ಲ ಅಂದ್ಲು ಈಡಾಬಾಯಿ.

ಮುನಸಿಪಾಲ್ಟಿ ಕೋಣ್ಯಾಗ ಅಧ್ಯಕ್ಷರು ಹಿಡದು ಏಳು ಮಂದಿ ಬಿಳಿ ಗಂಡಸರು, ಒಬ್ಬ ಮುದಕ ಕಾರಕೂನ. ನಮಗೆಲ್ಲ ಹಿಂದ ಗೋಡಿಗೆ ಹತ್ತಿ ನಿಂದ್ರಬೇಕಾಗಿತ್ತು. ನಿಶಾನಿನ್ನ ಮಾತ್ರ ಮುಂದಕ್ಕ ಕರದ್ರು. ಒಬ್ಬ ಮೆಂಬರ, ಕೆಂಪು ಮಾರಿಯವ, ನೋಡಿ ನಕ್ಕ. "ಇದನ್ನ ನಿನ್ನೆ ಹೊಲದಿರಬಹುದು," ಅಂದ.

ಯಾರು ಉತ್ತರಾ ಕೊಡೋರು? ಈಡಾಬಾಯಿ ಮಾತಾಡಿದ್ರ ಆಕಿ ಗಿರಾಕಿ ಹೋಗತಾರ. ಕೋರಾಬಾಯಿ ಮಾತಾಡಿದ್ರ ತಾಯಿನ್ನ ಕಾಡತಾರ. ನನ್ನ ಏನ್ ಮಾಡ್ಯಾರು? ಸೆರಗು ಸೊಂಟಕ್ಕ ಸಿಗಿಸಿಕೊಂಡು ಮುಂದ ಬಂದೆ.

"ಸಾಹೇಬ್ರ, ನಾ ನೇಕಾರಗಿತ್ತಿ. ನಿನ್ನೆ ಮಾಡಿದ್ದು ಯಾವದು ಅಂತ ಕುರುಡರೂ ಹೇಳತಾರ. ಬಿಳಿ ಪಟ್ಟಿ ಕಾಣತೈತಲ್ಲ, ಅದು ನಿನ್ನೆದು. ಮುಚ್ಚಿಲ್ಲ. ಅದನ್ನ ಬಿಟ್ಟು ಉಳಿದ ನೂಲು ಕೈಯಿಂದ ತಗದದ್ದು, ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗ. ಇಂಥಾ ನೂಲು ಈಗ ನಿಮ್ಮ ದೇಶದ ಅಂಗಡ್ಯಾಗ ಸಿಗತೈತೇನು? ಅಕ್ಷರದ ದಾರ ಆ ಹಳೇ ನೂಲಿನ ಜೋಡಿ ಮಾಸೈತಿ. ಬರ್ರಿ, ಮುಟ್ಟಿ ನೋಡ್ರಿ."

ಇಂಗ್ಲೀಷು ಎಲ್ಲೆಲ್ಲೋ ಮುಕ್ಕಾತು, ಆದ್ರ ಕಾರಕೂನ ಎದ್ದು ಬಂದ. ಮುಟ್ಟಿದ. ಕನ್ನಡಕ ಏರಿಸಿ ಸಂಘದ ಹೆಸರು ಗಟ್ಟಿಯಾಗಿ ಓದಿದ. ಆಮ್ಯಾಲ ಅಧ್ಯಕ್ಷರ ಮಾರಿ ನೋಡಿ, ಹೋಗಿ ತನ್ನ ದಪ್ತರದ ದೊಡ್ಡ ಪುಸ್ತಕ ತಂದು ತೆರದ.

"ಹ್ಯಾನಾ," ಅಂತ ಪುಸ್ತಕದಾಗಿಂದ ಓದಿದ.

ಮುತ್ತವ್ವ ನಿಶಾನಿ ಮ್ಯಾಲ ಬೆರಳಿಟ್ಟು, "ಹ್ಯಾನಾ," ಅಂದ್ಲು.

"ಫೀಬಿ."

"ಫೀಬಿ."

"ಡೀನಾ."

"ಡೀನಾ, ನಮ್ಮಜ್ಜಿ. ನಾ ಹುಟ್ಟಿದಾಗ ನನ್ನ ಹಿಡದಾಕಿ."

ಹಿಂಗ ಹನ್ನೆರಡೂ. ಆಕಿ ಕಣ್ಣಿಲ್ಲದ ಬೆರಳು ಒಂದು ಸಲನೂ ತಡವಲಿಲ್ಲ. ಎಂಟನೇ ಹೆಸರಿಗೆ ಹಿಂದ ಗೋಡಿ ಹತ್ತಿರ ಒಬ್ಬಾಕಿ "ನಮ್ಮ ಮುತ್ತಜ್ಜಿ" ಅಂದ್ಲು. ಹನ್ನೊಂದಕ್ಕ ಇನ್ನಿಬ್ಬರು. ಕೆಂಪು ಮಾರಿಯವ ಪೆನ್ಸಿಲು ತಿರುವಾಕತ್ತಿದ್ದ. ಹನ್ನೆರಡು ಮುಗದಾಗ ಕಾರಕೂನ ಪುಸ್ತಕ ಮುಚ್ಚದ, "ಹೊಂದತೈತಿ ಸರ್, ಹೆಸರಿಗೆ ಹೆಸರು ಹೊಂದತೈತಿ," ಅಂದ. ಅಂವನೂ ಬಿಳಿಯನ, ಆದ್ರ ಪುಸ್ತಕದ ಮನಿಷ್ಯಾ. ಬರದದ್ದಕ್ಕ ಬರದದ್ದು ಹೊಂದಿದ್ರ ಅವನಿಗೆ ಅದ ಖರೆ.

ಅಧ್ಯಕ್ಷರು ಕೈ ಎತ್ತಾಕ ಹೇಳಿದ್ರು. ಏಳರಾಗ ನಾಕು ಕೈ ಎದ್ದುವು. ರಸ್ತಾ ಸಂಘದ ಮನಿ ಬಿಟ್ಟು ಸುತ್ತಿ ಹೋಗಬೇಕು ಅಂತ ಠರಾವು ಆತು.

ಗೆದ್ವಿ! ನಾ ಏನ್ ಮಾಡಿದೆನೋ ನನಗ ನೆನಪಿಲ್ಲ. ಈಡಾಬಾಯಿನ್ನ ಅಪ್ಪಿಕೊಂಡು ಎತ್ತಿದೆ ಅಂತ ಕೋರಾಬಾಯಿ ಹೇಳತಾಳ. ಈಡಾಬಾಯಿ ನನಕಿಂತ ದುಪ್ಪಟ್ಟು ಅದಾಳ, ನಾ ನಂಬೂದಿಲ್ಲ. ಅಳೋರು, ನಗೋರು, ಚಪ್ಪಾಳಿ ಹೊಡಿಯೋರು. ಅಧ್ಯಕ್ಷರು ಮೇಜು ಕುಟ್ಟಿ ಕುಟ್ಟಿ ಸಾಕಾಗಿ ಕುಂತು ಬಿಟ್ರು.

ಕಾರಕೂನ ಹೊಸಾ ಹಾಳಿ ತೆರದು ಮಸಿಯೊಳಗ ಟಾಕು ಅದ್ದಿದ. "ಇನ್ನ ಮ್ಯಾಲ ಜಾಗಾ ಸಂಘದ ಹೆಸರಿಗೆ ಬರಕೋತೀನಿ. ಅಧ್ಯಕ್ಷಿಣಿ ಅಂತ ಒಬ್ಬರ ಹೆಸರು ಸಾಕು," ಅಂದ.

"ಸಾಕಾಗೂದಿಲ್ಲ," ಅಂದ್ಲು ಮುತ್ತವ್ವ. "ಹನ್ನೆರಡು ಹೆಸರಿದ್ದಾಗ ಇವರು ಯಾರು ಅಂತ ಕೇಳಿದ್ರಿ. ಈಗ ಎಲ್ಲಾರದೂ ಬರಕೋರಿ. ಇಲ್ಲಿ ನಿಂತವರದು, ಜಡ್ಡಿಗೆ ಬಿದ್ದು ಮನ್ಯಾಗ ಇದ್ದವರದು. ನಾಳೆ ನಿಮ್ಮ ಮೊಮ್ಮಕ್ಕಳು ಕೇಳಬಾರದು ನೋಡ್ರಿ."

ಕಾರಕೂನ ಅಧ್ಯಕ್ಷರನ್ನ ನೋಡಿದ. ಅಧ್ಯಕ್ಷರು ಗಡಿಯಾರ ನೋಡಿ ಹೂಂ ಅಂದ್ರು. ಬರಕೊಳ್ಳೂದಾಗಿ ಸಭಾ ಮುಗಿಯೂತನಕ ಮೆಂಬರರು ಯಾರೂ ಏಳಾಕ ಬರತಿದ್ದಿಲ್ಲ. ಬಿಳಿ ಅರಬಿಯ ಹೆಣ್ಣುಮಕ್ಕಳು ಒಬ್ಬರ ಹಿಂದ ಒಬ್ಬರು ಗೋಡಿ ಬಿಟ್ಟು ಮುಂದ ಬಂದ್ರು, ಮೇಜಿನಿಂದ ಬಾಗಿಲತನಕ ಸಾಲು ಆತು. ಒಬ್ಬೊಬ್ಬಾಕಿನೂ ಹೆಸರು ಹೇಳಿ, ಬರದದ್ದನ್ನ ಬಗ್ಗಿ ನೋಡಿ, ಆಮ್ಯಾಲ ಸರದು ನಿಂತ್ಲು. ಐದು ಹೊಡೀತು. ಮೂವತ್ತು ಹೆಸರು ಆಗಿ ಇನ್ನೂ ಉಳಿದಿದ್ದುವು. ಏಳೂ ಮಂದಿ ಗಂಡಸರು ಟೊಪ್ಪಿಗಿ ತೊಡಿ ಮ್ಯಾಲ ಇಟ್ಟುಕೊಂಡು ಕುಂತಿದ್ರು. ಕಾರಕೂನ ಟಾಕು ಇಟ್ಟು ಬೆರಳು ಝಾಡಿಸಿದ.

ಮುತ್ತವ್ವ ಆ ಸಪ್ಪಳ ಕೇಳಿ ಅವನ ಕಡೆ ಮಾರಿ ತಿರುವಿದ್ಲು.

"ಸಾವಕಾಶ ಬರೀರಿ ಸಾಹೇಬ್ರ," ಅಂದ್ಲು. "ನಮಗೇನೂ ಗಡಿಬಿಡಿ ಇಲ್ಲ."